ಗಾಡಿ ಏರಿ ಬಂದ ಪ್ರಜಾಪ್ರಭುತ್ವ

2024ರ ಜನವರಿ 26ರಿಂದ ಸುಮಾರು ಒಂದು ತಿಂಗಳು ಕರ್ನಾಟಕದ ರಸ್ತೆಗಳಲ್ಲಿ ಸಂವಿಧಾನ ಗಾಡಿ ಏರಿ ಓಡಾಡಿತು. ಗಣರಾಜ್ಯದ ಎಪ್ಪತ್ತೈದರ ಸಂಭ್ರಮಕ್ಕೆಂದು ಸಮಾಜ ಕಲ್ಯಾಣ ಇಲಾಖೆ ಹೊರಡಿಸಿದ ‘ಸಂವಿಧಾನ ಜಾಗೃತಿ ಜಾಥಾ’ ಅದು. 31 ಜಿಲ್ಲೆಗಳಲ್ಲೂ ಸ್ತಬ್ಧಚಿತ್ರದ ವಾಹನ, ಗ್ರಾಮ ಪಂಚಾಯಿತಿಗೊಂದು ನಿಲುಗಡೆ, ಕೊನೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಎರಡು ದಿನದ ಸಮಾವೇಶ. ಊರಬಾಗಿಲಲ್ಲಿ ಪೂರ್ಣಕುಂಭ, ಡೊಳ್ಳು, ಶಾಲೆ ಮಕ್ಕಳ ಸಾಲು. ಜನ ಮ್ಯೂಸಿಯಂಗೆ ಬರುವುದಿಲ್ಲವೆಂದು ಮ್ಯೂಸಿಯಮ್ಮೇ ಜನರಿದ್ದಲ್ಲಿಗೆ ಹೊರಟರೆ ಹೀಗಾಗುತ್ತದೆ: ನೋಡಲು ಬಂದವರಿಗಿಂತ ಬರಮಾಡಿಕೊಳ್ಳಲು ಬಂದವರೇ ಹೆಚ್ಚು.

*

ಕಳಶ ಹಿಡಿದವರ ಮೇಲೆ ತಕರಾರಿಲ್ಲ. ದೊಡ್ಡದು ಅನ್ನಿಸಿದ್ದಕ್ಕೆಲ್ಲ ನಾವು ಮಾಡುವುದೇ ಹಾಗೆ. ಆದರೆ ರಾಜಕಾರಣದಲ್ಲಿ ಭಕ್ತಿ ಸೇರಿಕೊಂಡರೆ ಅದು ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಸ್ವತಃ ಅಂಬೇಡ್ಕರ್. ಗಾಡಿಯ ಮೇಲೆ ಆ ಎಚ್ಚರಿಕೆಗೂ ಒಂದು ಹಲಗೆ ಬೇಕು, ಆರತಿ ತಟ್ಟೆ ಹಿಡಿದವರ ಕಣ್ಣಿನ ಮಟ್ಟಕ್ಕೆ.

*

ತೇರಿನ ಹಗ್ಗ ಊರಿನವರ ಕೈಯಲ್ಲಿರುತ್ತದೆ. ಎಳೆದರೆ ಉಂಟು, ಬಿಟ್ಟರೆ ಇಲ್ಲ. ಜಾಥಾ ಗಾಡಿಗೆ ಡೀಸೆಲ್ ಇದೆ, ಡ್ರೈವರ್ ಇದ್ದಾನೆ, ಮುಂದಿನ ಊರಿನ ವೇಳಾಪಟ್ಟಿ ಇದೆ. ಊರಿನವರಿಗೆ ಉಳಿದ ಕೆಲಸ ಪಕ್ಕಕ್ಕೆ ಸರಿದು ದಾರಿ ಬಿಡುವುದು.

*

ಊರೂರು ತಿರುಗುವುದು ನಮಗೆ ಹೊಸದಲ್ಲ. ಯಕ್ಷಗಾನದ ಮೇಳ ತಿರುಗಿತು, ನಾಟಕ ಕಂಪನಿ ತಿರುಗಿತು, ಟೂರಿಂಗ್ ಟಾಕೀಸು ತಿರುಗಿತು. 1962ರಲ್ಲಿ ನೆಹರು ಉದ್ಘಾಟಿಸಿದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ವಿಜ್ಞಾನವನ್ನು ಬಸ್ಸಿಗೆ ಹೇರಿಕೊಂಡು ಹೈಸ್ಕೂಲು ಮೈದಾನಗಳಿಗೆ ಹೋಗುತ್ತದೆ. ಅಲ್ಲಿ ಮಕ್ಕಳಿಗೆ ಹೇಳುವುದು: ಗುಂಡಿ ಒತ್ತು, ಹಿಡಿ ತಿರುಗಿಸು, ಏನಾಗುತ್ತೆ ನೋಡು. ಪ್ರಜಾಪ್ರಭುತ್ವವನ್ನು ಮಾತ್ರ ನಾವು ದೂರ ನಿಲ್ಲಿಸಿ ತೋರಿಸುತ್ತೇವೆ.

*

ಬೆಂಗಳೂರಿನ ನಾಗರಬಾವಿಯಂಥ ಕಡೆ ಇಂಥ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಮೊದಲ ಕಲಾಪ. ಸರ್ಕಲ್ಲಿನಲ್ಲಿ ನಿಂತರೆ ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತದೆ. ಬಿಡಿಎ ಕಾಂಪ್ಲೆಕ್ಸಿನ ಮುಂದೆ ನಿಂತರೆ ತರಕಾರಿ ಗಾಡಿಯವನ ವ್ಯಾಪಾರ ಹೋಗುತ್ತದೆ. ಎರಡನೇ ಹಂತದ ಒಳರಸ್ತೆಗೆ ಹೋದರೆ ಯಾರದೋ ಗೇಟಿನ ಮುಂದೆ ಎಂಬ ಜಗಳ. ಹಳ್ಳಿಗೆ ಒಂದು ಅರಳಿಕಟ್ಟೆಯಾದರೂ ಇತ್ತು. ಬಡಾವಣೆಯಲ್ಲಿ ಎಲ್ಲರಿಗೂ ಸೇರಿದ ಜಾಗವೆಂದರೆ ಟ್ರಾಫಿಕ್ಕು.

*

ನಿಜ ಹೇಳಬೇಕೆಂದರೆ ನಾಗರಬಾವಿಗೆ ಪ್ರಜಾಪ್ರಭುತ್ವ ಗಾಡಿಯಲ್ಲಿ ಬರಬೇಕಾದ ಅಗತ್ಯವೇ ಇಲ್ಲ. ದೇಶದ ಹೆಸರಾಂತ ನ್ಯಾಷನಲ್ ಲಾ ಸ್ಕೂಲ್ ಇಲ್ಲಿದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇಲ್ಲಿದೆ. ಬೇಲಿ ದಾಟಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ವಿಕೇಂದ್ರೀಕರಣದ ಬಗ್ಗೆ ಪುಸ್ತಕ ಬರೆಯುವವರು, ಅದನ್ನು ಪರೀಕ್ಷೆಗೆ ಓದುವವರು, ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕೆಂದು ಗೊತ್ತಿಲ್ಲದವರು ಒಂದೇ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಾರೆ. ಒಬ್ಬರಿಗೊಬ್ಬರು ಪರಿಚಯವಿಲ್ಲ, ಅಷ್ಟೆ.

*

ಬೀದಿದೀಪ ಕೆಟ್ಟರೆ ಕಾರ್ಪೊರೇಟರಿಗೆ ಹೇಳಬೇಕು. ಬೆಂಗಳೂರಿನಲ್ಲಿ ಕಾರ್ಪೊರೇಟರುಗಳನ್ನು ಬಿಬಿಎಂಪಿಗೆ ಕೊನೆಯ ಸಲ ಆರಿಸಿದ್ದು 2015ರ ಆಗಸ್ಟ್ 22ರಂದು. ಅವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಆಡಳಿತಾಧಿಕಾರಿಗಳ ಆಳ್ವಿಕೆ. ಅಷ್ಟರಲ್ಲಿ ಒಂದು ಲೋಕಸಭೆ ಚುನಾವಣೆ, ಒಂದು ವಿಧಾನಸಭೆ ಚುನಾವಣೆ ಸಾಂಗವಾಗಿ ನಡೆದವು. ದೆಹಲಿಗೆ ಪ್ರತಿನಿಧಿ ಇದ್ದಾರೆ, ವಿಧಾನಸೌಧಕ್ಕೆ ಪ್ರತಿನಿಧಿ ಇದ್ದಾರೆ, ಮನೆ ಮುಂದಿನ ಮೋರಿಗೆ ಇರಲಿಲ್ಲ.

*

ನಗರಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ಮುಗಿಸಬೇಕು: ಇದು ಸಂವಿಧಾನದ 243 ಯು ವಿಧಿ. 1993ರಿಂದ ಜಾರಿಯಲ್ಲಿದೆ. ಜಾಥಾ ಗಾಡಿಯಲ್ಲಿ ಬಂದದ್ದೂ ಅದೇ ಸಂವಿಧಾನ. ಗಾಡಿ ಹೊರಡಿಸಿದ ಸರ್ಕಾರವೂ ಚುನಾವಣೆ ಮುಂದೂಡಿದ ಸರ್ಕಾರಗಳೂ ಕೂತ ಕಟ್ಟಡ ಒಂದೇ. ಪಕ್ಷ ಯಾವುದೆಂದು ಕೇಳಬೇಡಿ. ಈ ಒಂದು ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಅಪೂರ್ವ ಒಮ್ಮತವಿದೆ.

*

198 ವಾರ್ಡುಗಳು 2022ರಲ್ಲಿ 243 ಆದವು, 2023ರಲ್ಲಿ 225 ಆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಯಿತು. ನಾಗರಬಾವಿ ಕಡೆಯವರು ಪಶ್ಚಿಮ ಪಾಲಿಕೆಯವರಾದರು. ನಕ್ಷೆ ಇಷ್ಟು ಸಲ ತಿದ್ದಿದ ಹತ್ತು ವರ್ಷದಲ್ಲಿ ಪಾಲಿಕೆಯ ಸಾರ್ವತ್ರಿಕ ಚುನಾವಣೆಗೆ ಮತಪೆಟ್ಟಿಗೆ ಒಮ್ಮೆಯೂ ಹೊರಗೆ ಬರಲಿಲ್ಲ. ಸಂಚಾರಿ ಪ್ರದರ್ಶನಕ್ಕೆ ಈ ಮೂರು ನಕ್ಷೆಗಳನ್ನು ಚೌಕಟ್ಟು ಹಾಕಿ ಕೊಡಬಹುದು. ವಿವರಣೆ ಬರೆಯಬೇಕಾಗಿಲ್ಲ.

*

ಕ್ಷೇತ್ರದ ಗೆರೆ ಎಳೆಯುವವನು ಪ್ರಜೆಗಿಂತ ಮುಂಚೆಯೇ ಮತ ಹಾಕಿರುತ್ತಾನೆ.

*

ಮೈಸೂರಿನ ದಿವಾನ ಸಿ. ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ: ತಾಲ್ಲೂಕುಗಳಿಂದ ಜಮೀನುದಾರರು, ಜೊತೆಗೆ ವರ್ತಕರು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ದಿವಾನರು ಓದುವ ವರದಿ ಕೇಳಬಹುದಿತ್ತು, ತಮ್ಮ ಕಡೆಯ ಅಹವಾಲು ಹೇಳಬಹುದಿತ್ತು. ಹಲ್ಲಿಲ್ಲದ ಸಭೆ ಎಂದು ನಗುವವರು ಒಂದು ಮಾತು ಯೋಚಿಸಲಿ: ವರ್ಷಕ್ಕೊಮ್ಮೆ ಆಳುವವನು ಎದ್ದು ನಿಂತು ಲೆಕ್ಕ ಒಪ್ಪಿಸುತ್ತಿದ್ದ. ನಮ್ಮ ಬಡಾವಣೆಗೆ ಬಂದು ಹೀಗೆ ವರದಿ ಓದಿದ ಆಡಳಿತಾಧಿಕಾರಿ ಯಾರು?

*

ಆಗ ಜಮೀನಿದ್ದವನಿಗೆ ಮಾತ್ರ ಮಾತು. ಅದು ಹಳೆಯ ಕಾಲ ಅನ್ನಬೇಡಿ. ಹೆಚ್ಚಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇಂದಿಗೂ ಮಾಲೀಕನಿಗೇ ಮತ. ಹತ್ತು ವರ್ಷದಿಂದ ಬಾಡಿಗೆಗಿದ್ದು ಮೇಂಟೆನೆನ್ಸ್ ಕಟ್ಟುವವನು ಸಭೆಯ ದಿನ ಮನೆಯಲ್ಲಿ ಟಿವಿ ನೋಡುತ್ತಾನೆ. ಅಧ್ಯಕ್ಷರ ಆಯ್ಕೆ ಯಾವಾಗಲೂ ಅವಿರೋಧ, ಏಕೆಂದರೆ ಆ ಕುರ್ಚಿ ಯಾರಿಗೂ ಬೇಡ. ಪ್ರಜಾಪ್ರಭುತ್ವ ಸಾಯುವುದಕ್ಕೆ ಸರ್ವಾಧಿಕಾರಿಯೇ ಬೇಕೆಂದಿಲ್ಲ. ಬೇಸರ ಸಾಕು.

*

ಕಲ್ಯಾಣದ ಶರಣರ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಕರೆದು ನಾವು ಹಿಗ್ಗುತ್ತೇವೆ. 2020ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವೂ ಅದೇ. ನನಗೆ ಈ ಹೋಲಿಕೆ ಅಷ್ಟು ಹಿಡಿಸುವುದಿಲ್ಲ, ಮಂಟಪದ ದೃಷ್ಟಿಯಿಂದ. ಅಲ್ಲಿ ಕ್ಷೇತ್ರವಿರಲಿಲ್ಲ, ಬಹುಮತವಿರಲಿಲ್ಲ, ವಿಪ್ ಇರಲಿಲ್ಲ. ದೋಣಿ ನಡೆಸುವ ಚೌಡಯ್ಯ, ಮಡಿವಾಳ ಮಾಚಯ್ಯ, ಮನೆ ಬಿಟ್ಟು ಬಂದ ಅಕ್ಕ ಶೂನ್ಯ ಸಿಂಹಾಸನದ ಎದುರಿಗೇ ಪ್ರಶ್ನೆ ಕೇಳುತ್ತಿದ್ದರು. ಇದನ್ನು ಸಂಸತ್ತಿಗೆ ಹೋಲಿಸಿದರೆ ಗೌರವ ಹೆಚ್ಚುವುದು ಸಂಸತ್ತಿಗೆ.

*

ಕಲ್ಯಾಣದ ಆ ಮಾತುಕತೆ ಮುರಿದದ್ದು ಒಂದು ಮದುವೆಯಲ್ಲಿ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಚರ್ಚೆ ಮಂಟಪದೊಳಗೆ ಇರುವವರೆಗೆ ಅರಸನಿಗೆ ಸಹನೆ ಇತ್ತು. ಅದು ಮನೆಯೊಳಗೆ ಕಾಲಿಟ್ಟಾಗ ಅಪ್ಪಂದಿರಿಬ್ಬರನ್ನೂ ಆನೆ ಕಾಲಿಗೆ ಕಟ್ಟಿ ಎಳೆಸಿದನೆಂದು ಕಥೆ. ಪ್ರದರ್ಶನದ ಗಾಡಿ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತದೆ. ಇವತ್ತಿಗೂ ಊರೊಳಗೆ ಅಂಥ ಮದುವೆ ನಡೆದರೆ ಏನಾಗುತ್ತದೆಂದು ನೋಡುಗರಿಗೆ ಗೊತ್ತು.

*

ಈಗ ಇಂಥ ಪ್ರದರ್ಶನದಲ್ಲಿ ಇಡಬೇಕಾದ, ಮುಟ್ಟಿ ನೋಡುವ ವಸ್ತುಗಳಿಗೆ ಬರೋಣ. ಮೊದಲನೆಯದು ಶಾಯಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಕೊಡುತ್ತಿದೆ. ಒಳಗಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿದಾಗ ನೇರಳೆ, ಬೆಳಕಿಗೆ ಕಪ್ಪು. ಮೊದಲು ಚುಕ್ಕೆಯಷ್ಟೇ ಇಡುತ್ತಿದ್ದರು; 2006ರಿಂದ ಎಡಗೈ ತೋರುಬೆರಳಿನ ಉಗುರ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ. ಇನ್ನೊಮ್ಮೆ ಬಂದು ಕಳ್ಳಮತ ಹಾಕದಿರಲಿ ಎಂದು ಮಾಡಿದ ಗುರುತು. ಕಳ್ಳನನ್ನು ಹಿಡಿಯಲೆಂದು ಹಚ್ಚಿದ ಮಸಿಯನ್ನು ನಾವೀಗ ಸೆಲ್ಫಿಯಲ್ಲಿ ಬಿರುದಿನ ಹಾಗೆ ತೋರಿಸುತ್ತೇವೆ. ಇರಲಿ, ಒಳ್ಳೆಯ ತಿರುವು.

*

ಎರಡನೆಯದು ಮತಯಂತ್ರ. ನಮ್ಮ ಜಾಲಹಳ್ಳಿಯ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎರಡೇ ಅದನ್ನು ಮಾಡುವುದು. ಮತಗಟ್ಟೆಯೊಳಗೆ ಅದರ ನಡೆ ನೋಡಿ. ಒಬ್ಬ ಅಧಿಕಾರಿ ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಗಟ್ಟಿಯಾಗಿ ಓದುತ್ತಾರೆ. ಪಕ್ಷಗಳ ಏಜೆಂಟರು ತಮ್ಮ ಹಾಳೆಯಲ್ಲಿ ಗೀಟು ಹಾಕುತ್ತಾರೆ. ಇನ್ನೊಬ್ಬರು ಬೆರಳಿಗೆ ಶಾಯಿ ಇಟ್ಟು, ರಿಜಿಸ್ಟರಿಗೆ ಸಹಿ ಹಾಕಿಸಿ, ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತಿದ ಮೇಲೆಯೇ ರಟ್ಟಿನ ಮರೆಯಲ್ಲಿರುವ ನಿಮ್ಮ ಯಂತ್ರಕ್ಕೆ ಜೀವ. ನೀಲಿ ಗುಂಡಿ, ಕೆಂಪು ದೀಪ, ಉದ್ದ ಶಿಳ್ಳೆ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಕಾಣುವ ಚೀಟಿ. ಹೆಸರು ಇಡೀ ಕೋಣೆಗೆ ಕೇಳಬೇಕು, ಆಯ್ಕೆ ಒಬ್ಬನಿಗೂ ಕಾಣಬಾರದು. ಈ ಎರಡನ್ನೂ ಒಂದೇ ಹತ್ತಡಿ ಜಾಗದಲ್ಲಿ ಸಾಧಿಸಿರುವುದಕ್ಕೆ ನಾನು ತಲೆಬಾಗುತ್ತೇನೆ.

*

ಮತದಾನಕ್ಕೆ ಮುಂಚೆ ಬೆಳಗಿನ ಜಾವ ಏಜೆಂಟರ ಎದುರು ಕಡಿಮೆಯೆಂದರೆ ಐವತ್ತು ಅಣಕು ಮತ ಹಾಕಿ, ಎಣಿಸಿ, ತಾಳೆ ನೋಡಿ, ಅಳಿಸಬೇಕೆಂದು ನಿಯಮ. ಪ್ರತಿ ಬೂತಿನಲ್ಲೂ, ಪ್ರತಿ ಸಲವೂ. ಅನುಮಾನಕ್ಕೆ ಇಷ್ಟು ಮರ್ಯಾದೆ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಅಣ್ಣತಮ್ಮಂದಿರ ಪಾಲುಪಾರಿಕತ್ತಿನಲ್ಲಿ ಇದರ ಕಾಲು ಭಾಗ ಇದ್ದಿದ್ದರೂ ಎಷ್ಟೋ ಕೋರ್ಟುಗಳು ಖಾಲಿ ಇರುತ್ತಿದ್ದವು.

*

ನಂಬಿಕೆ ಮನೆಯಲ್ಲಿರಲಿ. ಸರ್ಕಾರದ ಜೊತೆ ತಾಳೆ ಪಟ್ಟಿ ಇರಲಿ.

*

ಮೂರನೆಯ ವಸ್ತು: ಒಂದು ಮತ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನೇ ಮತ ಹಾಕಿರಲಿಲ್ಲ ಎಂಬ ಮಾತು ಚಾಮರಾಜನಗರ ಕಡೆ ಇಂದಿಗೂ ಓಡಾಡುತ್ತದೆ. ನಿಜವೋ ಕಟ್ಟುಕಥೆಯೋ, ಅದನ್ನು ಹೇಳುವಾಗ ಯಾರೂ ಯಜಮಾನನನ್ನು ನೆನೆಯುವುದಿಲ್ಲ, ಚಾಲಕನನ್ನೇ ನೆನೆಯುತ್ತಾರೆ. ಒಂದು ಕಥೆಯಲ್ಲಿ ಚಾಲಕನೇ ಮುಖ್ಯ ಪಾತ್ರವಾಗುವುದು ಪ್ರಜಾಪ್ರಭುತ್ವದಲ್ಲಿ ಮಾತ್ರ. ಕೃಷ್ಣಮೂರ್ತಿ ಮತ್ತೆ ಗೆದ್ದು ವಿಧಾನಸಭೆಗೆ ಬಂದದ್ದು 2023ರಲ್ಲಿ, ಕೊಳ್ಳೇಗಾಲದಿಂದ.

*

ಅದೇ 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಒಂದು ಕಾರು, ಒಂದು ಆಟೊ, ನಾಲ್ಕು ಸ್ಕೂಟರಿನಷ್ಟು ಜನ. ಆ ದಿನ ‘ನನ್ನೊಬ್ಬನಿಂದ ಏನಾಗುತ್ತೆ’ ಎಂದವರು ಅದೇ ಕ್ಷೇತ್ರದಲ್ಲಿ ಸಾವಿರಗಟ್ಟಲೆ ಇದ್ದರು.

*

1951–52ರ ಮೊದಲ ಮಹಾಚುನಾವಣೆಗೆ ಸುಮಾರು 17.3 ಕೋಟಿ ಮತದಾರರು. ಬಹುಪಾಲು ಮಂದಿಗೆ ಓದು ಬರದು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ. ಓದು ಬಂದ ಮೇಲೆ ಓಟು ಕೊಡೋಣ ಎಂದು ಕೂತಿದ್ದರೆ ಇವತ್ತಿಗೂ ಕಾಯುತ್ತಿದ್ದೆವು. ಜಗತ್ತು ಇದನ್ನು ಜೂಜು ಎಂದಿತು. ಜೂಜು ಆಡಿದವರು ಗೆದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್ ಅವರ ಹೆಸರು ನಮ್ಮ ಎಷ್ಟು ರಸ್ತೆಗಳಿಗಿದೆ?

*

ಆ ಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರು ಬಿಟ್ಟುಹೋದರು. ಹೆಚ್ಚಾಗಿ ಉತ್ತರದ ರಾಜ್ಯಗಳವರು. ಹೆಸರು ಕೇಳಲು ಬಂದವರಿಗೆ ‘ಇಂಥವರ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಹೇಳಿದ್ದರು. ಸೆನ್ ಒಪ್ಪಲಿಲ್ಲ, ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆಸಿದರು. ಕಠಿಣ ಅನ್ನಿಸಬಹುದು. ಮುಂದಿನ ಚುನಾವಣೆಗೆ ಅವರಲ್ಲಿ ಬಹಳ ಮಂದಿ ಹೆಸರು ಹೇಳಿ ಬಂದರು. ಎಷ್ಟೋ ಹೆಂಗಸರ ಹೆಸರನ್ನು ಸರ್ಕಾರ ಮೊದಲ ಸಲ ಬರೆದುಕೊಂಡದ್ದು ಮತದಾರರ ಪಟ್ಟಿಯಲ್ಲಿ.

*

ಪಂಚಾಯಿತಿಯಲ್ಲಿ ಹೆಂಗಸರಿಗೆ ಜಾಗ ಕೊಡಲು ಕರ್ನಾಟಕ ದೆಹಲಿಗಾಗಿ ಕಾಯಲಿಲ್ಲ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆ, ಅದರ ಮೇಲೆ 1987ರ ಚುನಾವಣೆ, ಕಾಲು ಭಾಗ ಮಹಿಳಾ ಮೀಸಲು. 73ನೇ ತಿದ್ದುಪಡಿ ಬಂದದ್ದು ಆಮೇಲೆ. ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಕೊರೆದ ಬಾವಿ ಕಾಣುತ್ತದೆ, ಕೊರೆದ ಅಧಿಕಾರ ಕಾಣುವುದಿಲ್ಲ.

*

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಹಳ್ಳಿಗಳು ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಹಣ ಗುಡಿಗೆ, ಊರ ಒಳಿತಿಗೆ. ಹೀಗಾಗಿ ತಪ್ಪಿಲ್ಲವೆಂಬ ವಾದ. ಬಿಡ್ಡು ಕೂಗಲು ಕಾಸಿಲ್ಲದವನ ಪಾಲಿಗೆ ಆ ಊರಿನಲ್ಲಿ ಪ್ರಜಾಪ್ರಭುತ್ವ ದೇವರ ಹುಂಡಿಗೆ ಬಿತ್ತು. ಹರಾಜಾದ ಊರಿಗೂ 2024ರಲ್ಲಿ ಜಾಥಾ ಗಾಡಿ ಹೋಗಿರಲೇಬೇಕು. ಅಲ್ಲಿ ಪೂರ್ಣಕುಂಭ ಹಿಡಿದು ಮುಂದೆ ನಿಂತವರು ಯಾರು ಎಂಬುದು ನನ್ನ ಕುತೂಹಲ.

*

2023ರಿಂದ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಬಾಯಿಪಾಠ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಮಗ್ಗಿಯೂ ಬಾಯಿಪಾಠದಿಂದಲೇ ಬಂದದ್ದು, ಲೆಕ್ಕ ಅರ್ಥವಾದದ್ದು ನಿಧಾನಕ್ಕೆ. ನನ್ನ ಆಕ್ಷೇಪ ಓದಿ ಮುಗಿದ ನಂತರದ ಗಂಟೆಯ ಬಗ್ಗೆ. ಸಮಾನತೆ ಎಂದು ಒಕ್ಕೊರಲಿನಲ್ಲಿ ಹೇಳಿ ತರಗತಿಗೆ ಬಂದ ಮಕ್ಕಳಿಗೆ ಮಾನಿಟರನ್ನು ಟೀಚರೇ ನೇಮಿಸಿರುತ್ತಾರೆ, ಸಾಮಾನ್ಯವಾಗಿ ಹೆಚ್ಚು ಅಂಕ ತೆಗೆದವನನ್ನು. ಮಾತಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಅವನ ಮೊದಲ ಅಧಿಕಾರ.

*

2024ರ ಸೆಪ್ಟೆಂಬರ್ 15, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನ. ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ. ಒಬ್ಬರ ಕೈ ಒಬ್ಬರು ಹಿಡಿದ ಆ ಕೆಲವು ನಿಮಿಷ ನಿಜಕ್ಕೂ ಚೆಂದ. ಪಕ್ಕದಲ್ಲಿರುವವನ ಜಾತಿ ಕೇಳದೆ ಕೈ ಹಿಡಿಯುವುದನ್ನು ಸರ್ಕಾರಿ ಆದೇಶದ ಮೇಲಾದರೂ ಮಾಡಿದೆವು.

*

ಬೆಂಗಳೂರಿನಲ್ಲಿ ಪ್ರಜಾಪ್ರಭುತ್ವದ ಕಾಯಂ ಪ್ರದರ್ಶನ ಒಂದಿದೆ: ಫ್ರೀಡಂ ಪಾರ್ಕ್. ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಇದ್ದದ್ದು ಅಲ್ಲಿ. ‘ಸಂಸ್ಕಾರ’ ಚಿತ್ರದ ಚಂದ್ರಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳಿದ್ದೂ ಅಲ್ಲಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಈಗ ನಗರದಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಇದೊಂದೇ ಜಾಗ, 2021ರ ಆದೇಶದ ಪ್ರಕಾರ. ಜೈಲಿನ ಗೋಡೆ ಒಡೆದು ಪಾರ್ಕು ಮಾಡಿದೆವು. ಆಮೇಲೆ ಕೂಗುವವರನ್ನೆಲ್ಲ ಅದರೊಳಗೇ ಕಳಿಸಿದೆವು.

*

ಪ್ರತಿಭಟನೆಯಿಂದ ಟ್ರಾಫಿಕ್ಕಿಗೆ ತೊಂದರೆ, ನಿಜ. ಮದುವೆ ದಿಬ್ಬಣ, ರಾಜಕಾರಣಿಯ ಹುಟ್ಟುಹಬ್ಬ, ಅಗೆದು ಬಿಟ್ಟ ರಸ್ತೆ ಇವುಗಳಿಂದಲೂ ತೊಂದರೆ. ಇವುಗಳಿಗೂ ಒಂದು ಪಾರ್ಕು ಬೇಕಿತ್ತು.

*

ಬಹುಮತವನ್ನು ಎಣಿಸಬೇಕಾದ್ದು ಸದನದ ಒಳಗೆ, ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಹೀಗೆ ಹೇಳಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. 1989ರಲ್ಲಿ ವಜಾ ಆದದ್ದು ನಮ್ಮದೇ ಸರ್ಕಾರ. ಲಾ ಸ್ಕೂಲಿನ ಮಕ್ಕಳಿಗೆ ಈ ತೀರ್ಪು ನಾಲಿಗೆ ತುದಿಯಲ್ಲಿರುತ್ತದೆ. ನಮ್ಮ ಶಾಸಕರಿಗೂ ಅದು ಗೊತ್ತು. ಅದಕ್ಕೇ ಸದನಕ್ಕೆ ಬರುವ ಮುಂಚೆ ರೆಸಾರ್ಟಿನಲ್ಲಿ ಎಣಿಸಿಕೊಂಡು ಬರುತ್ತಾರೆ.

*

2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಮತದಾನ ಶೇ 53ರ ಆಸುಪಾಸು. ಅದೇ ದಿನ ಮಂಡ್ಯದಲ್ಲಿ ಶೇ 81 ದಾಟಿತು. ಮಾರನೆಯ ದಿನ ಪತ್ರಿಕೆಗಳು ಎಂದಿನಂತೆ ನಗರದವರ ಸೋಮಾರಿತನವನ್ನು ಬೈದವು. ಬೈಯುವುದು ಸುಲಭ. ನಾಗರಬಾವಿ, ಮೂಡಲಪಾಳ್ಯ, ಮಲ್ಲತ್ತಹಳ್ಳಿ ಕಡೆ ಮನೆಮನೆಗೆ ಹೋಗಿ ಕೇಳಿದರೆ ಬೇರೆ ವಿಷಯ ತಿಳಿಯುತ್ತದೆ. ಎಷ್ಟೋ ಮನೆಗಳವರು ಮಂಡ್ಯ, ಹಾಸನ, ತುಮಕೂರು, ಮಾಗಡಿಯಿಂದ ಬಂದವರು. ‘ನಿಮ್ಮ ಓಟು ಎಲ್ಲಿ?’ ಎಂದರೆ ‘ಊರಲ್ಲೇ ಇದೆ’ ಎನ್ನುತ್ತಾರೆ, ಜಮೀನು ಊರಲ್ಲಿದೆ ಎನ್ನುವ ದನಿಯಲ್ಲಿ. ಮತದಾನದ ಹಿಂದಿನ ರಾತ್ರಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ನಿಂತರೆ ಗೊತ್ತಾಗುತ್ತದೆ. ಮಂಡ್ಯದ ಆ ಶೇಕಡಾವಾರಿನಲ್ಲಿ ನಾಗರಬಾವಿಯ ಪಾಲೂ ಇದೆ.

*

ಊರಲ್ಲಿ ಓಟು ಇಟ್ಟುಕೊಂಡವನಿಗೆ ಕಾರಣಗಳುಂಟು. ಅಲ್ಲಿ ಅಭ್ಯರ್ಥಿ ಅವನ ಅಪ್ಪನ ಹೆಸರು ಹಿಡಿದು ಮಾತಾಡಿಸುತ್ತಾನೆ. ಬಸ್ಸಿನಿಂದ ಇಳಿದರೆ ನಾಲ್ಕು ಜನ ‘ಯಾವಾಗ ಬಂದೆ’ ಎನ್ನುತ್ತಾರೆ. ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದರೂ ಪಕ್ಕದ ಮನೆಯವರಿಗೆ ಅವನು ಬಿಳಿ ಕಾರಿನವನು. ಎಲ್ಲಿ ಗುರುತು ಹಿಡಿಯುತ್ತಾರೋ ಅಲ್ಲಿ ಮತ ಹಾಕಬೇಕೆನಿಸುವುದು ಮನುಷ್ಯಸಹಜ.

*

ಆದರೆ ಅವನ ಮಕ್ಕಳು ಕುಡಿಯುವುದು ಇಲ್ಲಿನ ನೀರು. ಅವನ ಸ್ಕೂಟರು ಬೀಳುವುದು ಇಲ್ಲಿನ ಗುಂಡಿಗೆ. ತೆರಿಗೆ ಇಲ್ಲಿಗೆ, ಮತ ಅಲ್ಲಿಗೆ, ಬೈಗುಳ ಎರಡೂ ಕಡೆಗೆ. ಹೀಗೆ ಹಂಚಿಕೊಂಡವನನ್ನು ಓಲೈಸಬೇಕಾದ ಅಗತ್ಯ ಇಲ್ಲಿನ ರಾಜಕಾರಣಿಗಿಲ್ಲ. ಪಾಲಿಕೆ ಚುನಾವಣೆ ಐದು ವರ್ಷ ನಡೆಯದಿದ್ದರೂ ಬೆಂಗಳೂರಿನಲ್ಲಿ ಒಂದು ದೊಡ್ಡ ಮೆರವಣಿಗೆ ಹೊರಡಲಿಲ್ಲ, ಯಾಕೆಂದು ಇಲ್ಲಿ ಸ್ವಲ್ಪ ಗೊತ್ತಾಗುತ್ತದೆ. ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಅದು ತಮ್ಮದು ಅನ್ನಿಸಿಯೇ ಇರಲಿಲ್ಲ.

*

ಪಿಜಿಗಳಲ್ಲಿರುವ ಹುಡುಗ ಹುಡುಗಿಯರ ಕಥೆ ಇನ್ನೂ ಪೇಚಿನದು. ಜನತಂತ್ರದ ಮೇಲೆ ಒಳ್ಳೆಯ ಪ್ರಬಂಧ ಬರೆಯಬಲ್ಲವರು. ಹೆಸರು ಪಟ್ನಾದಲ್ಲೋ ಕಲಬುರಗಿಯಲ್ಲೋ. ಪರೀಕ್ಷೆ ಮುಂದಿನ ವಾರ, ರೈಲಿಗೆ ಟಿಕೆಟ್ ಇಲ್ಲ. ವಿದ್ಯಾರ್ಥಿಗಳು ಓದುವ ಊರಿನಲ್ಲೇ ಹೆಸರು ಸೇರಿಸಲು ಅವಕಾಶವಿದೆ. ಪಿಜಿ ಮಾಲೀಕ ವಿಳಾಸಕ್ಕೊಂದು ಪತ್ರ ಕೊಡಲು ಮುಖ ಸಿಂಡರಿಸುತ್ತಾನೆ.

*

ಪ್ರದರ್ಶನದ ಗಾಡಿಯಲ್ಲಿ ದೊಡ್ಡವರ ಚಿತ್ರಗಳಿರುತ್ತವೆ, ಇರಲೂಬೇಕು. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗರಾಯರು ಮಂಗಳೂರಿನ ಕಡೆಯವರು. ಸಭೆಯಲ್ಲಿ ಮೈಸೂರಿನಿಂದ ಏಳು ಮಂದಿ ಕೂತಿದ್ದರು, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಅವರ ಪೈಕಿ. ಇವರ ಚಿತ್ರವನ್ನೂ ಹಾಕಿದರೆ ಸಂವಿಧಾನ ದೆಹಲಿಯಿಂದ ಪಾರ್ಸೆಲ್ ಬಂದದ್ದಲ್ಲವೆಂದು ಮಕ್ಕಳಿಗೆ ತಿಳಿಯುತ್ತದೆ.

*

ಜೊತೆಗೆ ಇನ್ನೊಬ್ಬರ ಚಿತ್ರವೂ ಬೇಕು: ಬಿಎಲ್‌ಒ. ಅಂದರೆ ಬೂತ್ ಮಟ್ಟದ ಅಧಿಕಾರಿ. ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ಬಿಸಿಲಲ್ಲಿ ಪಟ್ಟಿ ಹಿಡಿದು ಬರುತ್ತಾರೆ. ಬೆಲ್ ಮಾಡಿದರೆ ಮೇಲಿನಿಂದ ‘ಏನೂ ಬೇಡ’ ಎಂಬ ಕೂಗು. ನಾಯಿ ಬೊಗಳುತ್ತದೆ. ಸೆಕ್ಯುರಿಟಿಯವನು ಗೇಟಿನಲ್ಲೇ ತಡೆಯುತ್ತಾನೆ. ಪ್ರಜಾಪ್ರಭುತ್ವ ನಡೆದುಕೊಂಡು ಮನೆ ಬಾಗಿಲಿಗೆ ಬರುವುದು ಇವರ ಚಪ್ಪಲಿಯಲ್ಲಿ. ಅವರಿಗೆ ಪೂರ್ಣಕುಂಭ ಬೇಡ, ಒಂದು ಲೋಟ ನೀರು ಕೊಡಿ.

*

ನಾಗರಬಾವಿಯಲ್ಲಿದ್ದು ಇಲ್ಲೇ ಮತ ಇರಬೇಕೆಂದು ಅನ್ನಿಸಿದವರಿಗೆ ಒಂದಿಷ್ಟು ಕೆಲಸದ ಮಾತು. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಊರಿನಿಂದ ಇಲ್ಲಿಗೆ ಅಥವಾ ಒಂದು ಮನೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು, ತಪ್ಪು ತಿದ್ದಿಸಲು ನಮೂನೆ 8. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಹದಿನೆಂಟು ತುಂಬುವುದಕ್ಕೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮನೆಯಲ್ಲಿ ಹದಿನೇಳು ತುಂಬಿದ ಮಗನೋ ಮಗಳೋ ಇದ್ದರೆ ಮುಂಗಡವಾಗಿಯೇ ಅರ್ಜಿ ಹಾಕಿಸಬಹುದು. ಸಂಶಯವಿದ್ದರೆ 1950ಕ್ಕೆ ಫೋನ್ ಮಾಡಿ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮತದಾನದ ದಿನ ಬೂತಿನ ಮುಂದೆ ನಿಂತು ನೋಡಬೇಡಿ, ಈ ವಾರವೇ ನೋಡಿಕೊಳ್ಳಿ.